ತಂದೆಗೆ 74, ತಾಯಿಗೆ 68: ಖಾಸಗಿ ಪಾಲಿಸಿ ಮುಂದುವರಿಸಬೇಕೇ, ಸರ್ಕಾರಿ ಕಾರ್ಡ್ ಸಾಕೇ?

ಹಾಸನದ ಮಗ
ಎಲ್ಲರಿಗೂ ನಮಸ್ಕಾರ. ನನ್ನ ತಂದೆ ತಾಯಿ ಹಾಸನ ಜಿಲ್ಲೆಯ ಹಳ್ಳಿಯಲ್ಲಿದ್ದಾರೆ, ನಾನು ಪುಣೆಯಲ್ಲಿ ಕೆಲಸದಲ್ಲಿದ್ದೇನೆ. ತಂದೆ ಖಾಸಗಿ ಸಂಸ್ಥೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದವರು, ಪಿಂಚಣಿ ಹೆಸರಿಗಷ್ಟೇ ಇದೆ. ಮನೆಯ ಪಡಿತರ ಚೀಟಿ ಎಪಿಎಲ್. ಇಬ್ಬರಿಗೂ ಸೇರಿ ಐದು ಲಕ್ಷ ರೂಪಾಯಿಯ ಖಾಸಗಿ ಪಾಲಿಸಿಯೊಂದನ್ನು ಹಲವು ವರ್ಷಗಳಿಂದ ನಡೆಸಿಕೊಂಡು ಬಂದಿದ್ದೇವೆ, ಅದರ ವಾರ್ಷಿಕ ಕಂತು ಈಗ 60,000 ರೂಪಾಯಿ ದಾಟಿದೆ. ಎಪ್ಪತ್ತು ದಾಟಿದವರಿಗೆಲ್ಲ ಕೇಂದ್ರ ಸರ್ಕಾರದ ಕಾರ್ಡ್ ಉಚಿತವಾಗಿ ಸಿಗುತ್ತದೆ, ಇನ್ನೇಕೆ ಇಷ್ಟು ಹಣ ಕಟ್ಟುತ್ತೀರಿ ಎಂದು ಊರಿನಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ತಂದೆಗೂ ಅದೇ ಸರಿ ಎನಿಸಿದೆ. ಆದರೆ ತಾಯಿಗೆ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಎರಡೂ ಇರುವುದರಿಂದ ನನಗೆ ಧೈರ್ಯ ಸಾಲುತ್ತಿಲ್ಲ. ಕಾರ್ಡ್ ನಿಜವಾಗಿ ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ ಎಂಬುದನ್ನು ಬಳಸಿದವರು ದಯವಿಟ್ಟು ತಿಳಿಸಿ.

ತುಂಗಾತೀರ
ಪಾಲಿಸಿಯನ್ನು ಈ ವರ್ಷ ಬಿಡಬೇಡಿ. ಉಳಿದದ್ದನ್ನು ಆಮೇಲೆ ಯೋಚಿಸಬಹುದು.

ವಿಮಾ ಮೇಜಿನಿಂದ
ನಾನು ಸರ್ಕಾರಿ ಯೋಜನೆಗೆ ನೋಂದಾಯಿತವಾದ ಆಸ್ಪತ್ರೆಯೊಂದರಲ್ಲಿ ವಿಮೆಯ ಕಡತಗಳನ್ನು ನೋಡಿಕೊಳ್ಳುತ್ತೇನೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಮೊದಲನೆಯದಾಗಿ, ನಿಮ್ಮ ತಂದೆಯನ್ನೂ ತಾಯಿಯನ್ನೂ ಒಂದೇ ಪ್ರಶ್ನೆಯಲ್ಲಿ ಸೇರಿಸಬೇಡಿ, ಏಕೆಂದರೆ ಯೋಜನೆಯ ಲೆಕ್ಕದಲ್ಲಿ ಅವರಿಬ್ಬರೂ ಬೇರೆ ಬೇರೆ ವರ್ಗದವರು.

2018ರ ಸೆಪ್ಟೆಂಬರ್ 23ರಂದು ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆ ಮೊದಲು ಬಡ ಕುಟುಂಬಗಳಿಗಷ್ಟೇ ಇತ್ತು. 2024ರ ಸೆಪ್ಟೆಂಬರ್ 11ರಂದು ಕೇಂದ್ರ ಸಚಿವ ಸಂಪುಟ ಅದನ್ನು 70 ವರ್ಷ ತುಂಬಿದ ಎಲ್ಲರಿಗೂ, ಅವರ ಆದಾಯ ಎಷ್ಟೇ ಇರಲಿ, ವಿಸ್ತರಿಸಲು ಒಪ್ಪಿತು, ಅದೇ ವರ್ಷದ ಅಕ್ಟೋಬರ್ 29ರಂದು ಆಯುಷ್ಮಾನ್ ವಯ ವಂದನಾ ಕಾರ್ಡ್ ವಿತರಣೆ ಶುರುವಾಯಿತು. ನಿಮ್ಮ ತಂದೆ ಎಪಿಎಲ್ ಆದರೂ ಇದಕ್ಕೆ ಅರ್ಹರು. ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಒಳರೋಗಿ ಚಿಕಿತ್ಸೆಗೆ ಇದು ಅನ್ವಯಿಸುತ್ತದೆ. ಮೊದಲೇ ಇರುವ ಕಾಯಿಲೆಗಳಿಗೆ ಕಾಯುವ ಅವಧಿ ಇಲ್ಲ, ಮೊದಲ ದಿನದಿಂದಲೇ ರಕ್ಷಣೆ ಇದೆ. ಖಾಸಗಿ ಪಾಲಿಸಿ ಇರುವವರೂ ಇದನ್ನು ಪಡೆಯಬಹುದು, ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕಿಲ್ಲ.

ತಾಯಿಗೆ 68 ಆದ್ದರಿಂದ ತಂದೆಯ ಕಾರ್ಡಿನಿಂದ ಅವರಿಗೆ ಏನೂ ಸಿಗುವುದಿಲ್ಲ. ಗಂಡನಿಗೆ ಕಾರ್ಡ್ ಇದ್ದರೆ ಹೆಂಡತಿಗೂ ಸಿಗುತ್ತದೆ ಎಂದು ನಂಬಿ ಬಂದ ಹಲವರನ್ನು ನಾನು ನೋಡಿದ್ದೇನೆ, ಪ್ರತಿಬಾರಿಯೂ ಇಲ್ಲ ಎಂದು ಹೇಳುವುದು ಬಹಳ ಸಂಕಟದ ಕೆಲಸ.

ಹಾಸನದ ಮಗ
ಇದು ನನಗೆ ಹೊಸ ವಿಷಯ. ಹಾಗಾದರೆ ಇನ್ನೆರಡು ವರ್ಷ ತಾಯಿಗೆ ಸರ್ಕಾರದಿಂದ ಏನೂ ಇಲ್ಲವೇ?

ನಿವೃತ್ತ ಉಪನ್ಯಾಸಕಿ
ಏನೂ ಇಲ್ಲ ಎಂದಲ್ಲ. 2018ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಆರೋಗ್ಯ ಕರ್ನಾಟಕ ಯೋಜನೆಯನ್ನು ತಂದು, ಅದೇ ವರ್ಷದ ಅಕ್ಟೋಬರ್ ಕೊನೆಯಲ್ಲಿ ಕೇಂದ್ರದ ಯೋಜನೆಯೊಂದಿಗೆ ಸೇರಿಸಿತು. ಅದರಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟನ್ನು ಸರ್ಕಾರ ಭರಿಸುತ್ತದೆ, ಅದಕ್ಕೆ ಇಡೀ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ ಇದೆ. ಉಳಿದ ಶೇ 70 ರೋಗಿಯ ಪಾಲು.

ಹುಬ್ಬಳ್ಳಿಯವ
ಶೇ 30 ಎಂದರೆ ಕಣ್ಣೊರೆಸುವ ತಂತ್ರ. ಎಪ್ಪತ್ತು ಭಾಗ ನಾವೇ ಕಟ್ಟುವುದಾದರೆ ಅದನ್ನು ವಿಮೆ ಎಂದು ಏಕೆ ಕರೆಯಬೇಕು? ಎಪಿಎಲ್ ಎಂದ ಮಾತ್ರಕ್ಕೆ ಮನೆಯಲ್ಲಿ ಹಣ ಕೊಳೆಯುತ್ತಿರುತ್ತದೆಯೇ? ನಮ್ಮಂಥ ನಡುಮಟ್ಟದವರ ವೃದ್ಧ ತಂದೆ ತಾಯಿಯರು ಎರಡೂ ಕಡೆ ಸಲ್ಲದವರಾಗಿದ್ದಾರೆ.

ವಿಮಾ ಮೇಜಿನಿಂದ
ನಿಮ್ಮ ಅಸಮಾಧಾನ ನ್ಯಾಯವಾದದ್ದೇ, ಆದರೆ ಲೆಕ್ಕದಲ್ಲಿ ಒಂದು ಅಂಶ ಬಿಟ್ಟುಹೋಗಿದೆ. ಆ ಶೇ 30 ಮತ್ತು ಶೇ 70 ಎರಡೂ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಮೇಲೆ, ಆಸ್ಪತ್ರೆ ತಾನೇ ಹೇಳುವ ದರದ ಮೇಲಲ್ಲ. ಪ್ಯಾಕೇಜ್ ದರ ಸಾಮಾನ್ಯವಾಗಿ ಖಾಸಗಿ ದರಕ್ಕಿಂತ ಬಹಳ ಕಡಿಮೆ ಇರುತ್ತದೆ. ಹೀಗಾಗಿ ಎಪಿಎಲ್ ರೋಗಿಗೆ ಆಗುವ ದೊಡ್ಡ ಉಪಕಾರ ಸರ್ಕಾರ ಕೊಡುವ ಮೂವತ್ತು ಭಾಗಕ್ಕಿಂತ, ದರಕ್ಕೆ ಬೀಳುವ ಕಡಿವಾಣವೇ ಆಗಿದೆ. ಯೋಜನೆಯಡಿ ದಾಖಲಾಗದೆ ನೇರವಾಗಿ ಹಣ ಕಟ್ಟಿ ದಾಖಲಾದವರು ಆ ಅನುಕೂಲವನ್ನೇ ಕಳೆದುಕೊಳ್ಳುತ್ತಾರೆ.

ಹುಬ್ಬಳ್ಳಿಯವ
ಈ ಮಾತನ್ನು ಒಪ್ಪುತ್ತೇನೆ. ಆದರೂ ಅರವತ್ತರಿಂದ ಎಪ್ಪತ್ತರ ನಡುವಿನ ಹತ್ತು ವರ್ಷ ದೊಡ್ಡ ಕಂದಕವೇ. ಹೃದಯ, ಮಂಡಿ, ಮೂತ್ರಪಿಂಡದ ತೊಂದರೆಗಳೆಲ್ಲ ಶುರುವಾಗುವುದೇ ಆ ವಯಸ್ಸಿನಲ್ಲಿ.

ಮಂಡ್ಯದ ಓದುಗ
ಹಾಸನದವರೇ, ನಿಮ್ಮ ತಂದೆ ಕೃಷಿ ಪತ್ತಿನ ಸಹಕಾರ ಸಂಘದ ಸದಸ್ಯರೇ ಎಂದು ಒಮ್ಮೆ ವಿಚಾರಿಸಿ. ಸದಸ್ಯರಾಗಿದ್ದರೆ ಯಶಸ್ವಿನಿ ಯೋಜನೆ ಇದೆ. 2003ರಿಂದ ಹಲವು ವರ್ಷ ರೈತರ ಕೈಹಿಡಿದಿದ್ದ ಆ ಯೋಜನೆಯನ್ನು 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ಲೀನಗೊಳಿಸಿದ್ದರು, 2023ರ ಜನವರಿಯಿಂದ ಮತ್ತೆ ಜಾರಿಗೆ ತಂದರು. ಗ್ರಾಮೀಣ ಭಾಗದಲ್ಲಿ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ನಗರದಲ್ಲಿ 1,000 ರೂಪಾಯಿ ವಂತಿಗೆ ಎಂದು ನಿಗದಿಯಾಗಿತ್ತು, ರಕ್ಷಣೆ ಐದು ಲಕ್ಷ ರೂಪಾಯಿವರೆಗೆ. ನೋಂದಣಿ ವರ್ಷವಿಡೀ ತೆರೆದಿರುವುದಿಲ್ಲ, ಆದ್ದರಿಂದ ಈ ಬಾರಿಯ ದಿನಾಂಕವನ್ನೂ ನಿಯಮಗಳನ್ನೂ ಸಂಘದ ಕಾರ್ಯದರ್ಶಿಯನ್ನೇ ಕೇಳಿ. ನಿಮ್ಮ ತಾಯಿಯ ಮಟ್ಟಿಗೆ ಎಪಿಎಲ್ ನೆರವಿಗಿಂತ ಇದು ಎಷ್ಟೋ ಮೇಲು.

ಹಾಸನದ ಮಗ
ತಂದೆ ಹಾಲು ಉತ್ಪಾದಕರ ಸಂಘದ ಸದಸ್ಯರು. ಅದು ಆಗುತ್ತದೆಯೇ?

ಮಂಡ್ಯದ ಓದುಗ
ಹಾಲು ಉತ್ಪಾದಕರದ್ದೂ ಸಹಕಾರ ಸಂಘವೇ, ನಮ್ಮ ಊರಿನಲ್ಲಿ ಡೇರಿಯ ಮೂಲಕವೇ ನೋಂದಾಯಿಸಿದ್ದರು. ಸದಸ್ಯತ್ವದ ದಾಖಲೆ, ಎಲ್ಲರ ಆಧಾರ್ ಮತ್ತು ಪಡಿತರ ಚೀಟಿ ಜೊತೆಗಿಟ್ಟುಕೊಳ್ಳಿ. ಬಲ್ಲವರು ಯಾರಾದರೂ ಸರ್ಕಾರಿ ನೌಕರರಿದ್ದರೆ ಅವರಿಗೆ ಇದು ಅನ್ವಯಿಸುವುದಿಲ್ಲ ಎಂಬುದನ್ನೂ ತಿಳಿಸಿ.

ಮೈಸೂರಿನ ಹಿರಿಯ
ನಾನು ಖಾಸಗಿ ಪಾಲಿಸಿಯನ್ನು 72ನೇ ವಯಸ್ಸಿನಲ್ಲಿ ಬಿಟ್ಟೆ, ಅದಕ್ಕೆ ವಿಷಾದವಿಲ್ಲ. ಕಂತು ಪಿಂಚಣಿಯ ಎರಡು ತಿಂಗಳ ಮೊತ್ತವನ್ನು ಮೀರಿತ್ತು, ಮೂಗಿಗಿಂತ ಮೂಗುತಿ ಭಾರವಾಗಿತ್ತು. ಈಗ ಅದೇ ಹಣವನ್ನು ಪ್ರತ್ಯೇಕ ಖಾತೆಯಲ್ಲಿಡುತ್ತೇನೆ, ಕಾರ್ಡ್ ಕೈಯಲ್ಲಿದೆ. ಎಲ್ಲರೂ ಪಾಲಿಸಿ ಬಿಡಬೇಡಿ ಎಂದು ಹೇಳುವುದು ಸುಲಭ, ಕಟ್ಟುವವರ ಕಷ್ಟವನ್ನೂ ನೋಡಬೇಕು.

ತುಂಗಾತೀರ
ಹಿರಿಯರೇ, ನಿಮ್ಮ ನಿರ್ಧಾರ ನಿಮ್ಮ ಪರಿಸ್ಥಿತಿಗೆ ಸರಿಯಾಗಿರಬಹುದು, ಆದರೆ ಅದನ್ನು ಎಲ್ಲರಿಗೂ ಸಲಹೆಯಾಗಿ ಕೊಡುವುದನ್ನು ನಾನು ಒಪ್ಪಲಾರೆ. ಸತತವಾಗಿ ಐದು ವರ್ಷ ನಡೆದ ಪಾಲಿಸಿಯಲ್ಲಿ, ವಂಚನೆ ಸಾಬೀತಾದ ಹೊರತು, ಹಿಂದಿನ ಕಾಯಿಲೆಯನ್ನು ಮುಚ್ಚಿಟ್ಟಿರಿ ಎಂದು ಕಂಪನಿ ಹಣ ನಿರಾಕರಿಸುವಂತಿಲ್ಲ. 2024ರ ಏಪ್ರಿಲ್‌ನಿಂದ ವಿಮಾ ನಿಯಂತ್ರಣ ಪ್ರಾಧಿಕಾರ ಆ ಅವಧಿಯನ್ನು ಎಂಟರಿಂದ ಐದು ವರ್ಷಕ್ಕೆ ಇಳಿಸಿತು. ಹಾಸನದವರ ಪಾಲಿಸಿ ಆ ಹಂತವನ್ನು ಈಗಾಗಲೇ ದಾಟಿರಬೇಕು. ಒಮ್ಮೆ ಬಿಟ್ಟರೆ ಆ ಹಕ್ಕೆಲ್ಲ ಹೋಗುತ್ತದೆ. ಹೊಸ ಪಾಲಿಸಿ ಕೊಳ್ಳಲು 65ರ ವಯೋಮಿತಿಯನ್ನು ತೆಗೆದಿದ್ದಾರೆ ನಿಜ, ಆದರೆ ಸಕ್ಕರೆ ಕಾಯಿಲೆ ಇರುವ 68ರ ಮಹಿಳೆಗೆ ಯಾವ ಕಂಪನಿ ಯಾವ ಷರತ್ತಿನಲ್ಲಿ ಕೊಡುತ್ತದೆ ಎಂಬುದು ಬೇರೆಯೇ ಮಾತು, ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು.

ಲೆಕ್ಕಿಗ
ಕಂತಿನ ವಿಷಯದಲ್ಲಿ ಮೂರು ಸಂಗತಿಗಳು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ 18ರ ಜಿಎಸ್‌ಟಿ ಪೂರ್ತಿ ಹೋಗಿದೆ, ಮೂಲ ಕಂತು 60,000 ಆಗಿದ್ದರೆ ಹಿಂದೆ ಅದರ ಮೇಲೆ 10,800 ರೂಪಾಯಿ ತೆರಿಗೆ ಬೀಳುತ್ತಿತ್ತು. ನೀವು ಹೇಳಿದ ಮೊತ್ತ ಹಳೆಯ ರಸೀದಿಯದ್ದೋ ಹೊಸದ್ದೋ ನೋಡಿಕೊಳ್ಳಿ. 2025ರ ಜನವರಿಯಲ್ಲಿ ಪ್ರಾಧಿಕಾರ ಹೊರಡಿಸಿದ ಸೂಚನೆಯಂತೆ, ಹಿರಿಯ ನಾಗರಿಕರ ಕಂತನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ಪ್ರಾಧಿಕಾರದೊಂದಿಗೆ ಮೊದಲು ಸಮಾಲೋಚಿಸಬೇಕು. ಇನ್ನು, ನೀವು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಹಿರಿಯ ತಂದೆ ತಾಯಿಯರ ಕಂತಿಗೆ 80ಡಿ ವಿಧಿಯಲ್ಲಿ 50,000 ರೂಪಾಯಿವರೆಗೆ ವಿನಾಯಿತಿ ಇದೆ. ಅವರಿಗೆ ವಿಮೆಯೇ ಇಲ್ಲದಿದ್ದರೆ ಔಷಧ ಮತ್ತು ಚಿಕಿತ್ಸೆಯ ವೆಚ್ಚಕ್ಕೂ ಅದೇ ಮಿತಿಯಲ್ಲಿ ವಿನಾಯಿತಿ ಪಡೆಯಬಹುದು, ಆದರೆ ಪಾವತಿ ನಗದಿನಲ್ಲಿ ಆಗಿರಬಾರದು.

ತಂದೆಗೆ ಕಾರ್ಡ್ ಮಾಡಿಸಿ, ಪಾಲಿಸಿಯಲ್ಲಿ ತಾಯಿಯನ್ನಷ್ಟೇ ಉಳಿಸಲು ಸಾಧ್ಯವೇ ಎಂದು ಕಂಪನಿಯನ್ನು ಬರಹದಲ್ಲಿ ಕೇಳಿ. ಸಾಮಾನ್ಯವಾಗಿ ಕುಟುಂಬ ಪಾಲಿಸಿಯ ಕಂತು ಅದರಲ್ಲಿರುವ ಹಿರಿಯರ ವಯಸ್ಸಿನ ಮೇಲೆ ನಿಲ್ಲುವುದರಿಂದ 74ರ ಬದಲು 68ರ ಲೆಕ್ಕ ಬಂದರೆ ಹೊರೆ ಗಣನೀಯವಾಗಿ ಇಳಿಯುತ್ತದೆ.

ಮೈಸೂರಿನ ಹಿರಿಯ
ಇದು ಒಳ್ಳೆಯ ದಾರಿ. ನನ್ನ ಮಾತು ಹಣ ಹೊಂದಿಸಲಾಗದವರ ಪರವಾಗಿ ಇತ್ತು, ಅದನ್ನು ಈಗಲೂ ಹೇಳುತ್ತೇನೆ.

ಬನಶಂಕರಿ
ಕಾರ್ಡ್ ಇದ್ದರೂ ಪ್ರಯೋಜನವಾಗದ ಒಂದು ಪ್ರಸಂಗ ಹೇಳುತ್ತೇನೆ. ನಮ್ಮ ನೆರೆಮನೆಯ 76 ವರ್ಷದ ಹಿರಿಯರು ವಯ ವಂದನಾ ಕಾರ್ಡನ್ನು ಮೊಬೈಲಿನಲ್ಲೇ ಮಾಡಿಸಿಕೊಂಡು ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಹೋದಾಗ, ಈ ಕಾರ್ಡಿಗೆ ಸಂಬಂಧಿಸಿದ ಆದೇಶ ತಮಗೆ ಬಂದಿಲ್ಲ ಎಂದು ವಾಪಸು ಕಳುಹಿಸಿದರು. ಸರ್ಕಾರ ಕೊಟ್ಟ ಕಾರ್ಡನ್ನು ಆಸ್ಪತ್ರೆ ಒಪ್ಪದಿದ್ದರೆ ಅದನ್ನು ಹಿಡಿದು ವೃದ್ಧರು ಎಲ್ಲಿಗೆ ಹೋಗಬೇಕು?

ಹುಬ್ಬಳ್ಳಿಯವ
ಕೇಂದ್ರ ಮತ್ತು ರಾಜ್ಯದ ಜಗಳದಲ್ಲಿ ಬಡವಾಗುವವರು ಇವರೇ.

ನಿವೃತ್ತ ಉಪನ್ಯಾಸಕಿ
ಜಗಳದ ಮೂಲ ತಿಳಿದರೆ ಎಲ್ಲಿ ಪ್ರಶ್ನೆ ಕೇಳಬೇಕು ಎಂಬುದೂ ತಿಳಿಯುತ್ತದೆ. ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆ ಸಂವಿಧಾನದಲ್ಲಿ ರಾಜ್ಯಪಟ್ಟಿಯ ವಿಷಯ. ಆಯುಷ್ಮಾನ್ ಯೋಜನೆಯ ವೆಚ್ಚವನ್ನು ಕೇಂದ್ರ ಮತ್ತು ಕರ್ನಾಟಕದಂಥ ರಾಜ್ಯಗಳು 60:40ರ ಅನುಪಾತದಲ್ಲಿ ಹಂಚಿಕೊಳ್ಳಬೇಕು. ಆದರೆ ಮೂಲ ಯೋಜನೆಯಲ್ಲಿ ಕೇಂದ್ರ ತನ್ನ ಪಾಲನ್ನು 2011ರ ಸಾಮಾಜಿಕ ಮತ್ತು ಆರ್ಥಿಕ ಗಣತಿಯ ಪಟ್ಟಿಯನ್ನು ಆಧರಿಸಿ ಲೆಕ್ಕ ಹಾಕಿತ್ತು, ನಮ್ಮ ರಾಜ್ಯವೋ ಅದಕ್ಕಿಂತ ಬಹಳ ಹೆಚ್ಚು ಕುಟುಂಬಗಳನ್ನು, ಎಪಿಎಲ್ ಸೇರಿದಂತೆ, ಒಳಗೆ ತಂದಿದೆ. ಹೊರೆ ತಮ್ಮ ಮೇಲೆಯೇ ಹೆಚ್ಚು ಎಂದು ರಾಜ್ಯ ಹೇಳುವುದು ಈ ಕಾರಣಕ್ಕೆ, ನಾವು ಘೋಷಿಸಿದ್ದನ್ನು ಜಾರಿ ಮಾಡಿ ಎಂದು ಕೇಂದ್ರ ಹೇಳುವುದೂ ಸಹಜ. ಇಬ್ಬರ ವಾದದಲ್ಲೂ ಸ್ವಲ್ಪ ಸತ್ಯವಿದೆ, ಆದರೆ 76ರ ರೋಗಿಗೆ ಕಾಯುವಷ್ಟು ಸಮಯವಿಲ್ಲ ಎಂಬುದು ಎಲ್ಲಕ್ಕಿಂತ ದೊಡ್ಡ ಸತ್ಯ.

ವಿಮಾ ಮೇಜಿನಿಂದ
ಬನಶಂಕರಿಯವರ ಪ್ರಶ್ನೆಗೆ ಉತ್ತರ. ಕಾರ್ಡ್ ಸಿದ್ಧವಾಗುವುದು ಕೇಂದ್ರದ ತಂತ್ರಾಂಶದಲ್ಲಿ, ಆದರೆ ಕರ್ನಾಟಕದಲ್ಲಿ ಆಸ್ಪತ್ರೆಗಳನ್ನು ನೋಂದಾಯಿಸಿ ಹಣ ಪಾವತಿಸುವುದು ರಾಜ್ಯ ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಕೈಯಲ್ಲಿ ಕಾರ್ಡ್ ಇರುವುದು ಒಂದು ವಿಷಯ, ನೀವು ಹೋಗುವ ಆಸ್ಪತ್ರೆ ನಿಮಗೆ ಬೇಕಾದ ಚಿಕಿತ್ಸೆಗೆ ಆ ಕಾರ್ಡನ್ನು ಒಪ್ಪುವುದು ಇನ್ನೊಂದು. ತುರ್ತಲ್ಲದ ಶಸ್ತ್ರಚಿಕಿತ್ಸೆಯಾದರೆ ಹೊರಡುವ ಮೊದಲು ಆಯುಷ್ಮಾನ್ ಸಹಾಯವಾಣಿ 14555ಕ್ಕೆ ಅಥವಾ ರಾಜ್ಯದ 104ಕ್ಕೆ ಕರೆ ಮಾಡಿ, ಯೋಜನೆಯ ರೋಗಿಗಳಿಗೆ ನೆರವಾಗಲು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಭೇಟಿಯಾಗಿ, ಪೂರ್ವಾನುಮತಿ ಬಂದ ಮೇಲೆಯೇ ದಾಖಲಾಗಿ. ಯೋಜನೆಯಡಿ ದಾಖಲಾದ ಅರ್ಹ ರೋಗಿಯಿಂದ ಮುಂಗಡ ಕೇಳಿದರೆ ಅದೇ ಸಂಖ್ಯೆಗಳಿಗೆ ದೂರು ಕೊಡಿ, ಕಟ್ಟಲೇಬೇಕಾಗಿ ಬಂದರೆ ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನಮ್ಮ ರಾಜ್ಯದ ಇನ್ನೊಂದು ಪದ್ಧತಿ ಹಲವರಿಗೆ ಗೊತ್ತಿಲ್ಲ. ಸರಳ ಚಿಕಿತ್ಸೆಗಳನ್ನು ಸರ್ಕಾರಿ ಆಸ್ಪತ್ರೆಯಲ್ಲೇ ಪಡೆಯಬೇಕು. ಸಂಕೀರ್ಣ ಚಿಕಿತ್ಸೆಗೆ ಖಾಸಗಿಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ಮಾತ್ರ ಪತ್ರ ಬೇಕಿಲ್ಲ, ನೋಂದಾಯಿತ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ಎದೆನೋವು ಬಂದವರು ಪತ್ರಕ್ಕಾಗಿ ತಾಲ್ಲೂಕು ಆಸ್ಪತ್ರೆಯಲ್ಲಿ ಕಾಯುತ್ತಾ ಕೂರಬಾರದು ಎಂಬ ಕಾರಣಕ್ಕೆ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಕಾಸರಗೋಡಿನ ಕನ್ನಡಿಗ
ನಮ್ಮ ಪಾಡು ಇನ್ನೂ ಬೇರೆ. ಕಾರ್ಡ್ ಕೇರಳದ್ದು, ಅಲ್ಲಿ ಇದೇ ಯೋಜನೆ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯ ಹೆಸರಿನಲ್ಲಿ ನಡೆಯುತ್ತದೆ, ಆದರೆ ದೊಡ್ಡ ಕಾಯಿಲೆ ಬಂದರೆ ನಾವು ಓಡುವುದು ಮಂಗಳೂರಿಗೆ. ದೇಶದ ಯಾವ ನೋಂದಾಯಿತ ಆಸ್ಪತ್ರೆಯಲ್ಲಾದರೂ ಬಳಸಬಹುದು ಎಂಬ ನಿಯಮವನ್ನು ನಂಬಿ ಹೋಗಬಹುದೇ?

ವಿಮಾ ಮೇಜಿನಿಂದ
ನಿಯಮ ಇದೆ. ಆದರೆ ಹೊರರಾಜ್ಯದ ಕಾರ್ಡಿನಲ್ಲಿ ಒಂದು ರಾಜ್ಯದ ಸಂಸ್ಥೆ ಇನ್ನೊಂದಕ್ಕೆ ಹಣ ಸಂದಾಯ ಮಾಡಬೇಕಾಗುವುದರಿಂದ ಅನುಮತಿಯ ಸ್ಥಿತಿಯನ್ನು ದಾಖಲಾಗುವ ಮೊದಲೇ ಖಚಿತಪಡಿಸಿಕೊಳ್ಳಿ. ಹಾಸನದವರು ತಂದೆಯನ್ನು ಪುಣೆಗೆ ಕರೆಸಿಕೊಂಡು ಚಿಕಿತ್ಸೆ ಕೊಡಿಸುವುದಾದರೂ ಇದೇ ಮಾತು ಅನ್ವಯಿಸುತ್ತದೆ.

ಹಾಸನದ ಮಗ
ತಾಯಿಯ ಮಾತ್ರೆಗಳಿಗೇ ತಿಂಗಳಿಗೆ ಸಾಕಷ್ಟು ಖರ್ಚಾಗುತ್ತಿದೆ. ಅದು ಈ ಯಾವುದರಲ್ಲಾದರೂ ಸೇರುತ್ತದೆಯೇ?

ವಿಮಾ ಮೇಜಿನಿಂದ
ಸೇರುವುದಿಲ್ಲ. ಆಯುಷ್ಮಾನ್ ಯೋಜನೆಯಲ್ಲಿ ಹೊರರೋಗಿ ಚಿಕಿತ್ಸೆ ಇಲ್ಲ. ದಾಖಲಾಗುವ ಮೂರು ದಿನ ಮೊದಲಿನ ಪರೀಕ್ಷೆ ಮತ್ತು ಔಷಧ, ಬಿಡುಗಡೆಯ ನಂತರ ಹದಿನೈದು ದಿನದ ಔಷಧ, ಇಷ್ಟೇ ಪ್ಯಾಕೇಜಿನಲ್ಲಿ ಬರುತ್ತವೆ. ಸಾಮಾನ್ಯ ವಾರ್ಡಿನ ಲೆಕ್ಕವೇ ಹೊರತು ಪ್ರತ್ಯೇಕ ಕೋಣೆಯೂ ಇಲ್ಲ.

ಮಲೆನಾಡಿನವಳು
ಮಾತ್ರೆಗಳಿಗೆ ಬೇರೆ ದಾರಿ ಇದೆ. ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳ ಅಸಾಂಕ್ರಾಮಿಕ ರೋಗಗಳ ಕ್ಲಿನಿಕ್‌ನಲ್ಲಿ ಹೆಸರು ನೋಂದಾಯಿಸಿದರೆ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದ ಔಷಧ ಉಚಿತ. ಕೋಲಾರದಲ್ಲಿ 2024ರಲ್ಲಿ ಮೊದಲು ಆರಂಭವಾಗಿ ಬೇರೆ ಜಿಲ್ಲೆಗಳಿಗೂ ಬಂದ ಗೃಹ ಆರೋಗ್ಯ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿಯೇ ಮನೆಗೆ ಬಂದು ತಪಾಸಣೆ ಮಾಡುತ್ತಾರೆ, ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಅಲ್ಲಿ ಸಿಗದ ಮಾತ್ರೆಯನ್ನು ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ, ಬ್ರಾಂಡ್ ಹೆಸರಿನ ಬದಲು ಔಷಧದ ಮೂಲ ಹೆಸರನ್ನು ವೈದ್ಯರಿಂದ ಬರೆಸಿಕೊಂಡು ಹೋಗುವುದು ಒಳ್ಳೆಯದು.

ಇನ್ನೊಂದು ಮಾತು. ನಮ್ಮ ಕಡೆ ಹಿರಿಯರ ಆಧಾರ್‌ನಲ್ಲಿ ಜನ್ಮದಿನಾಂಕವನ್ನು ಶಿಬಿರದಲ್ಲಿ ಅಂದಾಜಿಗೆ ಬರೆದದ್ದೇ ಹೆಚ್ಚು. ವಯ ವಂದನಾ ಕಾರ್ಡಿಗೆ ಆಧಾರ್‌ನಲ್ಲಿರುವ ವಯಸ್ಸೇ ಪ್ರಮಾಣ. ನಿಜವಾಗಿ 73 ಆಗಿದ್ದು ಆಧಾರ್‌ನಲ್ಲಿ 69 ಇದ್ದರೆ ಕಾರ್ಡ್ ಸಿಗುವುದಿಲ್ಲ. ಜನ್ಮದಿನಾಂಕದ ತಿದ್ದುಪಡಿಗೆ ಸಾಮಾನ್ಯವಾಗಿ ಒಂದೇ ಅವಕಾಶ ಇರುವುದರಿಂದ ಶಾಲಾ ದಾಖಲೆ ಅಥವಾ ಪಾಸ್‌ಪೋರ್ಟ್‌ನಂಥ ಗಟ್ಟಿ ಆಧಾರ ಇಟ್ಟುಕೊಂಡೇ ಅರ್ಜಿ ಕೊಡಿ. ಪಡಿತರ ಚೀಟಿಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ ಇರುವ ಹೆಸರುಗಳನ್ನೂ ಈಗಲೇ ಸರಿಮಾಡಿಸಿ. ಹೊಲಮನೆ ಕೆಲಸ ಮಾಡಿ ಬೆರಳಚ್ಚು ಸವೆದವರಿಗೆ ಆಯುಷ್ಮಾನ್ ಆ್ಯಪ್‌ನಲ್ಲಿ ಮುಖದ ಗುರುತಿನಿಂದಲೋ ಒಟಿಪಿಯಿಂದಲೋ ದೃಢೀಕರಣ ಮಾಡಬಹುದು.

ಅಂಚೆಯ ಹಳಬ
ಕೇಂದ್ರ ಸರ್ಕಾರದ ಪಿಂಚಣಿದಾರರು ಯಾರಾದರೂ ಓದುತ್ತಿದ್ದರೆ ಅವರಿಗಾಗಿ ಇದು. ಕೇಂದ್ರ ಸರ್ಕಾರಿ ನೌಕರರ ಮತ್ತು ಪಿಂಚಣಿದಾರರ ಆರೋಗ್ಯ ಯೋಜನೆಯಾದ ಸಿಜಿಎಚ್‌ಎಸ್ ಅಥವಾ ಮಾಜಿ ಸೈನಿಕರ ಇಸಿಎಚ್‌ಎಸ್ ಇರುವವರು ವಯ ವಂದನಾವನ್ನು ಅದರ ಜೊತೆಗೆ ಪಡೆಯುವಂತಿಲ್ಲ, ಎರಡರಲ್ಲಿ ಒಂದನ್ನು ಆರಿಸಬೇಕು. ಉಚಿತ ಎಂಬ ಕಾರಣಕ್ಕೆ ಅವಸರದಿಂದ ಬದಲಿಸಬೇಡಿ. ಸಿಜಿಎಚ್‌ಎಸ್‌ನಲ್ಲಿ ಹೊರರೋಗಿ ಚಿಕಿತ್ಸೆ ಮತ್ತು ದಿನನಿತ್ಯದ ಔಷಧ ಸಿಗುತ್ತವೆ, ಹತ್ತು ವರ್ಷದ ವಂತಿಗೆಯನ್ನು ಒಮ್ಮೆಗೇ ಕಟ್ಟಿದರೆ ಜೀವನಪರ್ಯಂತ ಸದಸ್ಯತ್ವ ಇರುತ್ತದೆ, ಐದು ಲಕ್ಷದ ಮಿತಿಯೂ ಇಲ್ಲ. ಬೆಂಗಳೂರಿನಲ್ಲಿರುವ ನನಗೆ ಇದಕ್ಕಿಂತ ಅನುಕೂಲವಾದದ್ದು ಇನ್ನೊಂದಿಲ್ಲ.

ಹುಬ್ಬಳ್ಳಿಯವ
ಗಂಡ ಹೆಂಡತಿ ಇಬ್ಬರೂ ಎಪ್ಪತ್ತು ದಾಟಿದ್ದರೆ ಒಬ್ಬೊಬ್ಬರಿಗೂ ಐದು ಲಕ್ಷವೇ?

ವಿಮಾ ಮೇಜಿನಿಂದ
ಇಲ್ಲ, ಇಬ್ಬರಿಗೂ ಸೇರಿ ಐದು ಲಕ್ಷ. ಆದರೆ ಮೊದಲೇ ಆಯುಷ್ಮಾನ್ ವ್ಯಾಪ್ತಿಯಲ್ಲಿರುವ ಬಡ ಕುಟುಂಬದ ಹಿರಿಯರಿಗೆ ಈ ಐದು ಲಕ್ಷ ಹೆಚ್ಚುವರಿ, ಮನೆಯ ಉಳಿದವರು ಅದನ್ನು ಬಳಸುವಂತಿಲ್ಲ.

ಹಾಸನದ ಮಗ
ಎಲ್ಲರಿಗೂ ಕೃತಜ್ಞತೆಗಳು. ಪಾಲಿಸಿಯನ್ನು ತಾಯಿಯ ಹೆಸರಿನಲ್ಲಷ್ಟೇ ಮುಂದುವರಿಸುವ ಬಗ್ಗೆ ಕಂಪನಿಗೆ ಈ ವಾರವೇ ಪತ್ರ ಬರೆಯುತ್ತೇನೆ. ಉತ್ತರ ಬರುವವರೆಗೆ ತಂದೆಯನ್ನೂ ಪಾಲಿಸಿಯಿಂದ ತೆಗೆಸುವುದಿಲ್ಲ. ಯಶಸ್ವಿನಿಯ ವಿಷಯ ತಂದೆ ಡೇರಿಯಲ್ಲಿ ವಿಚಾರಿಸುತ್ತಾರೆ.

ಪೀಣ್ಯದಿಂದ
ತಡವಾಗಿ ಓದುತ್ತಿದ್ದೇನೆ. ನನ್ನ ತಾಯಿ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹಲವಾರು ವರ್ಷ ದುಡಿದು ಹೋದ ವರ್ಷ ನಿವೃತ್ತರಾದರು. ಕೆಲಸ ಮುಗಿದ ಮೇಲೆ ಕಾರ್ಮಿಕರ ವಿಮೆಯಾದ ಇಎಸ್‌ಐ ಕೂಡ ಮುಗಿಯಿತು ಎಂದು ಕಾರ್ಖಾನೆಯವರು ಹೇಳಿದರು. ಅವರಿಗೆ 60, ಎಪ್ಪತ್ತಕ್ಕೆ ಇನ್ನೂ ಹತ್ತು ವರ್ಷ ಇದೆ.

ಅಂಚೆಯ ಹಳಬ
ಮುಗಿದಿಲ್ಲ. ಕನಿಷ್ಠ ಐದು ವರ್ಷ ಇಎಸ್‌ಐ ವ್ಯಾಪ್ತಿಯಲ್ಲಿ ದುಡಿದು ವಯೋನಿವೃತ್ತಿ ಹೊಂದಿದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಅವರಿಗೂ ಅವರ ಸಂಗಾತಿಗೂ ವೈದ್ಯಕೀಯ ಸೌಲಭ್ಯ ಮುಂದುವರಿಯುತ್ತದೆ. ನಿವೃತ್ತಿಯ ಪತ್ರ ಮತ್ತು ಇಎಸ್‌ಐ ಸಂಖ್ಯೆ ಹಿಡಿದುಕೊಂಡು ನಿಮ್ಮ ಭಾಗದ ಇಎಸ್‌ಐ ಶಾಖಾ ಕಚೇರಿಗೆ ತಾಯಿಯನ್ನು ಕರೆದುಕೊಂಡು ಹೋಗಿ. ರಾಜೀನಾಮೆ ಎಂದಲ್ಲದೆ ವಯೋನಿವೃತ್ತಿ ಎಂದೇ ಕಾರ್ಖಾನೆಯ ಪತ್ರದಲ್ಲಿ ಬರೆದಿದೆಯೇ ಎಂದು ಮೊದಲು ನೋಡಿ.

ಪೀಣ್ಯದಿಂದ
ಪತ್ರದಲ್ಲಿ ವಯೋನಿವೃತ್ತಿ ಎಂದೇ ಇದೆ. ಸೋಮವಾರ ಹೋಗುತ್ತೇವೆ.